ಅಕಿತಾ, ಹದಿನಾಲ್ಕನೆಯ ದಿನ

ಕಿಸಬುರೊ ಅವರ ಬಲಗೈ ಹಾಸಿಗೆಯ ಮೇಲೆ
ಯಾರೋ ಮರೆತುಹೋದ ಕೈಗವಸಿನ ಹಾಗೆ.
ಐವತ್ತು ಚಳಿಗಾಲ ಮೂಲಂಗಿಗೆ ಉಪ್ಪು ತಿಕ್ಕಿದ ಕೈ.

ಡಾಕ್ಟರು ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಇಲ್ಲಿ ನಾಳ ಕಟ್ಟಿತು. ನಡುವಿನದು ಹೋಯಿತು, ಬಿಡಿ.
ಸುತ್ತ ಈ ಮಬ್ಬು ಅಂಚಿದೆಯಲ್ಲ,
ಉಸಿರು ಸಾಲದೆ ಕೂಗುತ್ತಿದೆ.
ಕೂಗೆಂದರೆ, ಒಂದು ಪ್ರೋಟೀನು.

ಮೊದಲ ದಿನ ಆ ಕೂಗಿಗೆ
ನಾಳದ ಗೋಡೆಗಳ ಬೆಸುಗೆ ಬಿಟ್ಟು
ನೀರು ಒಸರಿ ಮಿದುಳು ಬಾತಿತು.
ಎರಡನೇ ವಾರ ಅದೇ ಕೂಗಿಗೆ
ಹಳೆಯ ನಾಳದ ಪಕ್ಕೆಯಿಂದ ಮೊಳಕೆ,
ಕೂದಲಿಗಿಂತ ಸಣ್ಣದು, ಕತ್ತಲಲ್ಲಿ ತಡವುತ್ತ.
ಹಿಂದೆಯೇ ಇನ್ನೊಂದು ಅಣು ಬಂದು
ಸೋರದಂತೆ ಮೆತ್ತಬೇಕು.
ಬಂದೀತು. ಬರದೆಯೂ ಇದ್ದೀತು.

"ಹಾಗಾದರೆ ಅದು ಒಳ್ಳೆಯದೋ, ಕೆಟ್ಟದೋ?"
ಹೆಂಡತಿ ತೊಮಿಯೆ ಕೇಳಿದರು.
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ
"ಯಾವ ದಿನ ಅನ್ನುವುದರ ಮೇಲೆ" ಎಂದರು.

"ಉಪ್ಪೂ ಹಾಗೇ."

ಅವರು ಹೋದ ಮೇಲೆ ತೊಮಿಯೆ
ಚೀಲದಿಂದ ಒಂದು ಚಿಟಿಕೆ ತೆಗೆದು
ಆ ಅಂಗೈಯಲ್ಲಿಟ್ಟು
ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.
ನಾಲ್ಕನ್ನು ತಾನೇ ಮಡಿಸಿದ್ದು, ನೆನಪಿದೆ.
ಹೆಬ್ಬೆರಳು?