ಕಿಟಕಿಗೆ ಅಂಟಿಸಿದ ಭೂಗೋಳ

ಬೇಳೆ ಬೇಯುವ ಹೊತ್ತಿಗೆ ಆಚೆ ಕೋಣೆಯಲ್ಲಿ
ಮೇಷ್ಟ್ರು ಬರೆಸುತ್ತಿದ್ದಾರೆ:
ಎಪ್ಪತ್ತೊಂದರ ಯುದ್ಧದ ಪರಿಣಾಮಗಳು.
ಮೂರು ಅಂಕ, ಮೂರೇ ಸಾಲು ಸಾಕು.
ಸೌಟು ಹಿಡಿದು ನಿಂತು ಕೇಳುತ್ತೇನೆ,
ಒಂದನೆಯದು, ಎರಡನೆಯದು, ಮೂರನೆಯದು.
ನಮ್ಮ ಬೀದಿ ಬರಲಿಲ್ಲ.

ಭದ್ರಾವತಿ. ಕಾರ್ಖಾನೆಯ ಹಿಂದಿನ ಲೈನುಮನೆ.
ಹಾಜರಿ ಪುಸ್ತಕದಲ್ಲಿ ನಾನು ಕಾಳಿಕಾಂಬ,
ಮನೆಯಲ್ಲಿ ಕಾಂಬಿ.
ಡಿಸೆಂಬರಿನ ಮೊದಲ ವಾರ ಸೈರನ್ ಕೂಗಿದಾಗ
ಶಿಫ್ಟು ಬದಲಾಯಿತೆಂದೇ ತಿಳಿದೆವು.
ಆಮೇಲೆ ಹೋಮ್‌ಗಾರ್ಡಿನವನು ಬಂದು
ದೀಪ ಕಾಣಬಾರದು ಎಂದ,
ಬೀಡಿಯ ಕಿಡಿ ಕೂಡ.

ಶೆಟ್ಟರ ಅಂಗಡಿಯಲ್ಲಿ ಕಪ್ಪು ಕಾಗದ ಮುಗಿದಿತ್ತು.
ಅಪ್ಪ ತಿಮ್ಮೋಜಿ ನನ್ನ ಚೀಲಕ್ಕೇ ಕೈ ಹಾಕಿದರು.
ಗಣಿತ ಬೇಡಪ್ಪ, ಮಾರ್ಚಿಗೆ ಪಬ್ಲಿಕ್ ಪರೀಕ್ಷೆ, ಎಂದೆ.
ಹಾಗಾದರೆ ಇದು, ಎಂದು
ಭೂಗೋಳದ ನೋಟ್ಸು ಬಿಚ್ಚಿದರು,
ಹೊಲಿಗೆಯ ದಾರ ಕತ್ತರಿಸಿ, ಒಂದೊಂದೇ ಹಾಳೆ,
ಕಸುಬಿನವರ ನಿಗಾದಲ್ಲಿ.
ಮೈದಾ ಗಂಜಿ ಕಾಸಿದ್ದು ನಾನೇ.
ಅದರ ಮೇಲೆ ಒಲೆಯ ಮಸಿಗೆ ಹರಳೆಣ್ಣೆ ಕಲಸಿ ಬಳಿದೆವು.
ಹೊರಗೆ ಬಂದು ನೋಡಿದರೆ
ಊರಿಗೆ ಊರೇ ಕಣ್ಣು ಮುಚ್ಚಿ ಕೂತಿದೆ,
ಕುಲುಮೆಯ ಬಾಯಿ ಮಾತ್ರ
ಆಕಾಶಕ್ಕೆಲ್ಲ ಕೆಂಪು ಉಗುಳುತ್ತಿದೆ.
ಅದಕ್ಕೆ ಯಾರ ನೋಟ್ಸು ಅಂಟಿಸುವುದು?
ಕಾರ್ಖಾನೆಯನ್ನು ನೋಡಿ ಅಪ್ಪ ನಕ್ಕದ್ದು
ಅದೊಂದೇ ಸಲ.

ಅಣ್ಣ ನಾಗೋಜಿ ಪೂರ್ವದ ಗಡಿಯಲ್ಲಿ.
ಅತ್ತಿಗೆಗೆ ಏಳು ತಿಂಗಳು.
ಅಪ್ಪನಿಗೆ ಓವರ್‌ಟೈಮು, ಅಮ್ಮನಿಗೆ ಸೀಮೆಎಣ್ಣೆಯ ಕ್ಯೂ.
ನಲ್ಲಿಗೆ ಯಾರು, ಸೌದೆಗೆ ಯಾರು,
ರೇಡಿಯೊ ಮುಂದೆ ಬೆವರುವ ಅತ್ತಿಗೆಗೆ
ಬೀಸಣಿಗೆ ಬೀಸುವುದು ಯಾರು?
ಶಾಲೆ ಬಿಡು ಎಂದು ಯಾರೂ ಹೇಳಲಿಲ್ಲ.
ಹೇಳಿದ್ದರೆ ರಂಪ ಮಾಡಿ ಅಳಬಹುದಿತ್ತು.
ಒಂದೆರಡು ವಾರ ನೋಡೋಣ, ಎಂದರು.

ಅಣ್ಣನ ಕಾಗದ ಬಂದರೆ ಓದುವವಳು ನಾನು,
ಮೂರನೇ ಮನೆಯ ಜುಲೇಖಾಬಿಯ ಮಗನದ್ದೂ ನಾನೇ.
ಸೆನ್ಸಾರಿನವರು ಮಸಿ ಎಳೆದ ಕಡೆ
ನನಗೆ ತೋಚಿದ್ದು ಓದುತ್ತಿದ್ದೆ:
ಊಟ ಚೆನ್ನಾಗಿದೆ. ಚಳಿ ಅಷ್ಟೇನೂ ಇಲ್ಲ.
ಏಳನೇ ಕ್ಲಾಸು ಅಷ್ಟಕ್ಕೆ ಸಾಕಾಯಿತು.

ಯುದ್ಧ ಹದಿನಾಲ್ಕು ದಿನಕ್ಕೆ ಮುಗಿಯಿತು.
ಬೀದಿಯಲ್ಲಿ ಸಕ್ಕರೆ ಹಂಚಿದರು.
ನನ್ನ ಒಂದೆರಡು ವಾರ ಮುಗಿಯಲಿಲ್ಲ.

ಫೆಬ್ರವರಿಯಲ್ಲಿ ಕೂಸು.
ಬಾಣಂತಿ ಕೋಣೆಗೆ ಬೆಳಕು ಬೇಕೆಂದು
ಕಿಟಕಿಯ ಮಸಿ ಒರೆಸಿದೆ, ಹಾಳೆ ಮಾತ್ರ ಬಿಡಲೊಲ್ಲದು.
ಎಣ್ಣೆ ಕುಡಿದ ಆ ಹಾಳೆಯಲ್ಲಿ ಬಿಸಿಲು ಹಾಯ್ದಾಗ
ಎರಡು ಮಗ್ಗುಲೂ ಒಟ್ಟಿಗೇ ಕಂಡವು,
ಈಚೆಯ ನದಿಗಳು ನೆಟ್ಟಗೆ,
ಆಚೆಯ ಬೆಟ್ಟಗಳು ಕನ್ನಡಿಯೊಳಗಿನ ಹಾಗೆ ತಿರುಗಿ,
ಒಂದರ ಮೇಲೊಂದು.
ಕೂಸನ್ನು ಮಡಿಲಲ್ಲಿ ಹಾಕಿಕೊಂಡು
ಎರಡನ್ನೂ ಬೇರೆ ಮಾಡಿ ಓದಲು ಕಲಿತೆ.
ತುಂಗಾ, ಭದ್ರಾ ಎಲ್ಲಿ ಸೇರುತ್ತವೆ?
ಕೂಡಲಿ ಎಂದು ಬರೆದದ್ದು ನೆನಪಿದೆ, ಕೆಳಗೆ ಗೆರೆ ಎಳೆದು.
ಕೊನೆಯ ಅಕ್ಷರವನ್ನು ಚೌಕಟ್ಟು ನುಂಗಿತ್ತು.
ತುಂಗಾ, ಭದ್ರಾ, ಕೂಡ,
ಅಷ್ಟೇ ಇತ್ತು ಅಲ್ಲಿ.
ಯಾರು ಕೂಡ?
ಎಷ್ಟೋ ಮಧ್ಯಾಹ್ನ ಕೇಳಿಕೊಂಡಿದ್ದೇನೆ.

ಅಣ್ಣ ಬಂದ. ಒಂದು ಕಿವಿಯನ್ನು ಅಲ್ಲೇ ಬಿಟ್ಟು ಬಂದ.
ರಾತ್ರಿ ಕೂಸು ಅತ್ತರೆ
ಕೇಳುವ ಕಿವಿಯನ್ನು ದಿಂಬಿಗೊತ್ತಿ ಮಲಗುತ್ತಿದ್ದ.
ಕೂಸಿಗೆ ವಿಜಯಾಂಬ ಎಂದು ಹೆಸರಿಟ್ಟರು, ಗೆದ್ದ ವರ್ಷವಲ್ಲವೆ.
ಮಾಜಿ ಸೈನಿಕರ ಕೋಟಾದಲ್ಲಿ ಅವಳಿಗೆ
ಶಿವಮೊಗ್ಗದ ಕಾಲೇಜಿನಲ್ಲಿ ಸೀಟು ಸಿಕ್ಕಿತು.
ಬಸ್‌ಸ್ಟ್ಯಾಂಡಿಗೆ ಟ್ರಂಕು ಹೊತ್ತವಳು ನಾನು.
ಸಂತೋಷವಾಗಿತ್ತು. ಹೊಟ್ಟೆಕಿಚ್ಚೂ ಇತ್ತು,
ಸುಳ್ಳು ಯಾಕೆ ಹೇಳಲಿ.
ಬಸ್ಸು ಹೊರಟ ಮೇಲೂ ತಲೆಯ ಮೇಲಿನ ಸಿಂಬಿ
ತೆಗೆಯುವುದು ಮರೆತು ಮನೆಯವರೆಗೆ ನಡೆದೆ.

ಗಂಟೆ ಹೊಡೆಯಿತು. ತಟ್ಟೆಗಳ ಸದ್ದು.
ಎರಡು ಜಡೆಯ ಹುಡುಗಿಯೊಬ್ಬಳು, ಬೆರಳಿಗೆಲ್ಲ ಶಾಯಿ,
ಆಂಟಿ, ನೀವೆಷ್ಟು ಓದಿದ್ದೀರಿ? ಎನ್ನುತ್ತಾಳೆ.
ಏಳು, ಎನ್ನುತ್ತೇನೆ. ಡಿಸೆಂಬರಿನವರೆಗೆ.
ಯಾವ ಡಿಸೆಂಬರು?
ಸಾಲು ಉದ್ದವಿದೆ.
ಅವಳ ಅನ್ನದ ಮೇಲೆ ಸಾರು ಸುರಿದು
ಮುಂದಿನವಳನ್ನು ಕರೆಯುತ್ತೇನೆ.