ನಾಲ್ಕನೆಯ ಎಣಿಕೆ

ಸಿ.ಡಿ.ಯ ರಟ್ಟಿನ ಮೇಲೆ ಈಗ ಅವಳೊಬ್ಬಳದೇ ಹೆಸರು:
ಇಷ್ಬೆಲ್ ರೆನಿ.
ಒಂಬತ್ತು ವರ್ಷ ನಾವು ಮೂವರೂ ಒಂದೇ ಹೆಸರಲ್ಲಿದ್ದೆವು,
ಒಂದೇ ವ್ಯಾನಿನ ಹಿಂಬದಿಯಲ್ಲಿ, ಒದ್ದೆ ಕಂಬಳಿಯ ವಾಸನೆಯಲ್ಲಿ.
ಅಂಚೆಯಲ್ಲಿ ಬಂತು. ಒಳಗೆ ಚೀಟಿಯಿಲ್ಲ.

ಡ್ಯುನೆಡಿನ್‌ನಿಂದ ಪೋರ್ಟ್ ಚಾಮರ್ಸ್‌ಗೆ ಇಳಿಯುವ ತಿರುವಿನಲ್ಲಿ
ಕಾರು ನಿಲ್ಲಿಸಿ ಕೇಳುತ್ತಿದ್ದೇನೆ.
ಮುಚ್ಚಿದ ಚರ್ಚಿನ ಸಭಾಂಗಣದ್ದಂತೆ ಆ ಪಿಯಾನೊ,
ಸಾಗಿಸುವ ಕೂಲಿ ಕೊಟ್ಟರೆ ಪುಕ್ಕಟೆ.
ಮಂದ್ರದ ಕಡೆ ಒಂದು ಕಪ್ಪು ಮನೆ ಒತ್ತಿದರೆ ಮತ್ತೆ ಏಳುವುದಿಲ್ಲ;
ರಿಪೇರಿ ಮಾಡಿಸಿಲ್ಲ ಅವಳು,
ಮಲಗಿದವರನ್ನು ದಾಟದೆ ಬಳಸಿ ಹೋಗುವ ಹಾಗೆ
ಹಾಡು ಕಟ್ಟಿದ್ದಾಳೆ.

ಮೂರನೆಯದರಲ್ಲಿ ಮರದ ದಿಮ್ಮಿ ಹೊತ್ತ ಲಾರಿ ಹಾದುಹೋದದ್ದೂ ಇದೆ.
ಕೆಟಲ್ ಕುದಿದದ್ದಿದೆ. ಪೆಡಲು ಕಿರ್ರೆಂದದ್ದಿದೆ.
ನಾನಿಲ್ಲ.

ಡ್ರಮ್ಮಿಲ್ಲದ ಹಾಡಿಗೆ ಹಾಳು ಬೆರಳು ಸುಮ್ಮನಿರಬೇಕಲ್ಲ,
ಸ್ಟೀರಿಂಗ್ ಮೇಲೆ ತಟ್ಟಿತು. ತಟ್ಟಿದ್ದೆಲ್ಲ ತಪ್ಪು.
ಅವಳೀಗ ಕಾಲವನ್ನು ಎಳೆಯುತ್ತಾಳೆ, ಬಿಡುತ್ತಾಳೆ,
ಸಾಲಿನ ಕೊನೆಗೆ ಉಸಿರು ಮುಗಿದ ಮೇಲೂ ಕಾಯುತ್ತಾಳೆ.
ಒಂಬತ್ತು ವರ್ಷ ಅವಳನ್ನು ಬೀಳದಂತೆ ಹಿಡಿದಿದ್ದೆ ಅಂದುಕೊಂಡಿದ್ದೆ.
ಬಹುಶಃ ಬರೀ ಹಿಡಿದಿದ್ದೆ.

ಏಳನೆಯ ಹಾಡಿಗೆ ಮುಂಚೆ
ಮೈಕಿಗೂ ಕೇಳಬಾರದೆಂಬಂತೆ ಎಣಿಸುತ್ತಾಳೆ:
ಒಂದು, ಎರಡು, ಮೂರು.
ನಾಲ್ಕು ಹೇಳುವುದಿಲ್ಲ. ಎಂದೂ ಹೇಳಿದವಳಲ್ಲ.
ಅದು ನನ್ನ ಕೋಲುಗಳದ್ದಾಗಿತ್ತು.

ಕೆಳಗೆ ಬಂದರಿನಲ್ಲಿ ಕ್ರೇನು ಕಬ್ಬಿಣದ ಪೆಟ್ಟಿಗೆಯೊಂದನ್ನೆತ್ತಿ
ಗಾಳಿಯಲ್ಲೇ ಹಿಡಿದಿತ್ತು.
ಕೈ ಎರಡೂ ತೊಡೆಯ ಮೇಲಿಟ್ಟುಕೊಂಡೆ.