ಮೂವತ್ತು ಸೆಕೆಂಡು

ಸ್ಲೈಗೋ ಪಟ್ಟಣದ ಸಣ್ಣ ರೇಡಿಯೋ ಕೇಂದ್ರದಲ್ಲಿ
ಜಾಹೀರಾತಿಗೆ ಹೂಂ ಅನ್ನುವುದು, ಊಹೂಂ ಅನ್ನುವುದು ನನ್ನ ಕೆಲಸ.
ಕಿಟಕಿಯ ಕೆಳಗೆ ಗರವೋಗ್ ನದಿ,
ಅದು ನನ್ನನ್ನು ಏನೂ ಕೇಳುವುದಿಲ್ಲ.

ಇವತ್ತಿನ ಬಾಬತ್ತು:
ಟ್ರ್ಯಾಕ್ಟರ್ ಟಯರು. ಸೋಫಾ ಸೇಲು.
ಸೊಂಟ ಇಳಿಸುವ ಮೊಸರು,
ಬೇಸಿಗೆ ಬಂತಲ್ಲ ಹುಡುಗಿಯರೇ, ಕನ್ನಡಿ ನೋಡಿಕೊಂಡಿರಾ?
ಹೂಂ. ಹೂಂ. ಹೂಂ.

ಆಮೇಲೆ ಸೋರ್ಚಾ ಕಳಿಸಿದ್ದು.
ಲೆಂಟ್ ಉಪವಾಸದ ನಲವತ್ತು ದಿನ
ಮನೆಮನೆಗೆ ರಟ್ಟಿನ ಡಬ್ಬಿ ಹಂಚುವ ಸಂಸ್ಥೆ ಅವಳದು.
ಮೊದಲು ಒಂದು ಕೂಸಿನ ಅಳು.
ಹಿಂದೆಯೇ ಒಂದು ದನಿ, ಏನನ್ನೂ ಮಾರಿ ಅಭ್ಯಾಸವಿಲ್ಲದ್ದು:

ಈಗ ಹುಟ್ಟಿದ ಈ ಮಗು
ಅಣ್ಣ ಉಂಡು ಬಿಟ್ಟದ್ದನ್ನು ಉಣ್ಣುತ್ತದೆ,
ಅಣ್ಣನಿಗಿಂತ ಮೊದಲೇ ಶಾಲೆ ಬಿಡುತ್ತದೆ,
ಜೀವಮಾನವೆಲ್ಲ ಕಳೆ ಕಿತ್ತ ಹೊಲದ ಪತ್ರದಲ್ಲಿ
ಇದರ ಹೆಸರಿರುವುದಿಲ್ಲ.
ಯಾಕೆಂದರೆ ಇದು ಹೆಣ್ಣು.
ಡಬ್ಬಿಗೆ ಕಾಸು ಹಾಕಿ.
ಕಾಗದಕ್ಕೆ ಸಹಿ ಹಾಕಿ. ಸರ್ಕಾರ ಕೊಟ್ಟ ಮಾತು ನಡೆಸಲಿ.

ಮಲಾಕಿ ಕಾಯಿದೆ ಪುಸ್ತಕ ತಂದು
ನನ್ನ ಚಹಾದ ಪಕ್ಕದಲ್ಲಿ ಬಿಚ್ಚಿಟ್ಟ.
ರಾಜಕೀಯ ಉದ್ದೇಶದ ಕಡೆ ಮುಖ ಮಾಡಿದ
ಯಾವ ಜಾಹೀರಾತೂ ಇಲ್ಲಿ ಸಲ್ಲದು.
ಕಾಸು ಹಾಕಿ ಅಂದರೆ ಧರ್ಮ, ಅಂದ,
ಸಹಿ ಹಾಕಿ ಅಂದರೆ ರಾಜಕೀಯ.

ಕೆಟ್ಟವನಲ್ಲ ಅವನು.
ಇವತ್ತು ಇವರಿಗೆ ಕದ ತೆರೆದರೆ
ನಾಳೆ ಥೈಲಿ ಇದ್ದವನು ಬಂದು
ಬೆಳಗಿಂದ ಬೈಗಿನವರೆಗಿನ ಗಾಳಿಯನ್ನೇ ಕೊಳ್ಳುತ್ತಾನೆ, ಅಂದ.
ಸುಳ್ಳಲ್ಲ ಅದೂ.
ಅಳುವ ಕೂಸನ್ನು ಮುಂದೆ ಹಿಡಿದು
ಯಾರ್‍ಯಾರು ಏನೇನು ಕೇಳಿದ್ದಾರೆಂದು
ಈ ದೇಶದಲ್ಲಿ ಬೆಳೆದ ನನಗೆ ಗೊತ್ತಿಲ್ಲವೇ?

ಆದರೂ ಆ ಗೆರೆ ಎಲ್ಲಿದೆ, ಬೆರಳಿಟ್ಟು ತೋರಿಸಲಿ ಯಾರಾದರೂ.

ನನ್ನಮ್ಮ ಅಟ್ರಾಕ್ಟಾ
ಬ್ಯಾಲಿಮೋಟ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಊರಿನ ಗಂಟಲಿಗೆ ಊರಿನ ಕಿವಿ ಜೋಡಿಸುತ್ತಿದ್ದವಳು.
ಅರವತ್ತಾರರ ಜೂನಿನಲ್ಲಿ ಮದುವೆ.
ಮದುವೆಯಾದ ಹೆಣ್ಣಿಗೆ ಸರ್ಕಾರದ ಕುರ್ಚಿ ಇಲ್ಲ ಆಗ,
ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.
ಯಾರೂ ಅದನ್ನು ರಾಜಕೀಯ ಅನ್ನಲಿಲ್ಲ.
ಶನಿವಾರ ಅಂದರು.
ಆ ಗಡಿಯಾರ ಇನ್ನೂ ಹತ್ತು ನಿಮಿಷ ಮುಂದೆ ಓಡುತ್ತದೆ,
ತಿರುಗಿಸಿ ಸರಿಮಾಡಲು ಅಮ್ಮ ಯಾರನ್ನೂ ಬಿಟ್ಟಿಲ್ಲ.

ಸೋರ್ಚಾಗೆ ಫೋನು ಮಾಡಿದೆ.
ಯಾವ ಪದ ಹೋಗಬೇಕು?
ಸಹಿ, ಅಂದೆ. ಸರ್ಕಾರ. ಮಾತು.
ಅವಳು ಬರೆದುಕೊಳ್ಳುವ ಸದ್ದು,
ಪೆನ್ಸಿಲ್ಲೇ ಇರಬೇಕು.
ಯಾಕೆಂದರೆ ಉಳಿಯುತ್ತದೆಯೇ?
ಯಾಕೆಂದರೆ ಬಗ್ಗೆ, ಅಂದೆ,
ಕಾಯಿದೆ ಏನೂ ಹೇಳಿಲ್ಲ.

ಕತ್ತರಿಸಲು ಕೂತೆ.
ಪರದೆಯ ಮೇಲೆ ದನಿಯೆಂದರೆ ಗುಡ್ಡ, ತಗ್ಗು, ಗುಡ್ಡ.
ಕೊನೆಯ ಗುಡ್ಡ ತೆಗೆದೆ.
ಅದರ ಹಿಂದೊಂದು ಚಿಕ್ಕ ಉಬ್ಬು ಉಳಿಯಿತು,
ಆ ಹೆಂಗಸು ಮುಂದಿನ ಮಾತಿಗೆಂದು ಎಳೆದುಕೊಂಡ ಉಸಿರು.
ಅದನ್ನೂ ಅಳಿಸುವುದು ವಾಡಿಕೆ, ಚೊಕ್ಕ ಕಾಣಲೆಂದು.
ಅಳಿಸಲಿಲ್ಲ.
ಉಸಿರು ಯಾವ ಕಲಮಿನಡಿ ಬರುತ್ತದೆಂದು
ಮಲಾಕಿಯನ್ನು ಕೇಳಲೂ ಇಲ್ಲ.

ಮಂಗಳವಾರ, ಸೋಡಾ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದಳು ಅಮ್ಮ.
ರೇಡಿಯೋದಲ್ಲಿ ಕೂಸು ಅತ್ತಿತು. ಕಾಸು ಹಾಕಿ, ಅಂದಿತು ದನಿ.
ಆಮೇಲೆ ಆ ಉಸಿರು.
ಆಮೇಲೆ ಸೋಫಾ ಸೇಲು.

ಅಮ್ಮನ ಕೈ ನಿಂತಿತು.
ಹಳೆಯ ಎಕ್ಸ್‌ಚೇಂಜಿನ ಕಿವಿ ಅದು:
ಲೈನು ತುಂಡಾಯಿತಲ್ಲೇ, ಅಂದಳು,
ಆ ಹೆಣ್ಣು ಇನ್ನೂ ಏನೋ ಹೇಳುವುದರಲ್ಲಿತ್ತು.

ಹಿಟ್ಟಿನ ಬೆರಳಲ್ಲೇ ವಾಲ್ಯೂಮು ಜಾಸ್ತಿ ಮಾಡಿದಳು.
ಸೋಫಾ, ಸೋಫಾ, ಶುಕ್ರವಾರದ ತನಕ.